ಚಂಡಮಾರುತದ ದಾರಿ ಇನ್ನೂ ಗೊತ್ತಿಲ್ಲ, ಮನೆ ಬಿಡುವುದು ಯಾವಾಗ?

ಪ್ರಶ್ನೆ: ನಾವು ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದೇವೆ. ಒಂದೇ ಅಂತಸ್ತಿನ ಮನೆ, ಇವ್ಯಾಕ್ಯುಯೇಷನ್ ಝೋನ್ 'ಎ', ಅಂದರೆ ಅಪಾಯ ಬಂದಾಗ ಮೊದಲು ಮನೆ ಬಿಡಬೇಕಾದ ಜಾಗ. ಕೆರಿಬಿಯನ್ ಕಡೆ ಎದ್ದಿರುವ ಚಂಡಮಾರುತ ನಾಲ್ಕೈದು ದಿನದಲ್ಲಿ ಇತ್ತ ಬರಬಹುದು ಅನ್ನುತ್ತಿದ್ದಾರೆ. ನಿನ್ನೆ ಮ್ಯಾಪಿನಲ್ಲಿ ಅದರ ದಾರಿ ತೋರಿಸುವ ಗೆರೆ ನಮ್ಮ ಮೇಲೇ ಇತ್ತು, ಇವತ್ತು ಉತ್ತರಕ್ಕೆ ಸರಿದಿದೆ. ನಮ್ಮ ಯಜಮಾನರು "ಇನ್ನೆರಡು ದಿನ ನೋಡೋಣ, ದಾರಿ ಖಚಿತವಾಗಲಿ" ಅನ್ನುತ್ತಾರೆ. ಹಿಂದೊಮ್ಮೆ ಜಾರ್ಜಿಯಾವರೆಗೆ ಗಾಡಿ ಓಡಿಸಿಕೊಂಡು ಹೋಗಿ, ಇಲ್ಲಿ ಏನೂ ಆಗದೆ ವಾಪಸ್ ಬಂದಿದ್ದೆವು. ಈಗ ಊರಿಂದ ಅತ್ತೆ ಬಂದಿದ್ದಾರೆ. 74 ವರ್ಷ, ಬಿಪಿ, ಶುಗರ್ ಎರಡೂ ಇದೆ. ಇಬ್ಬರು ಚಿಕ್ಕ ಮಕ್ಕಳು. ಕಾಯುವುದು ಸರಿಯಾ? ಏನೇನು ಸಿದ್ಧ ಮಾಡಿಕೊಳ್ಳಬೇಕು?

ಉತ್ತರ: ಕಾಯಬೇಡಿ. ಹಾಗಂತ ಈಗಲೇ ಜಾರ್ಜಿಯಾಕ್ಕೂ ಹೊರಡಬೇಡಿ. ನಿಮ್ಮ ಯಜಮಾನರ ಬೇಸರ ನನಗೆ ಅರ್ಥವಾಗುತ್ತದೆ. ಹತ್ತು ಗಂಟೆ ಗಾಡಿ ಓಡಿಸಿ, ಹೋಟೆಲಿಗೆ ದುಡ್ಡು ಸುರಿದು, ವಾಪಸ್ ಬಂದರೆ ಅಂಗಳದಲ್ಲಿ ಒಂದು ಕೊಂಬೆಯೂ ಬಿದ್ದಿಲ್ಲ ಅಂದರೆ ಯಾರಿಗಾದರೂ ಮುಂದಿನ ಸಲ ಕಾಲು ಏಳುವುದಿಲ್ಲ. ಆದರೆ ದಾರಿ ಖಚಿತವಾಗಲಿ ಅಂತ ಕಾದರೆ ಒಂದು ತೊಂದರೆ ಇದೆ. ಅದು ಖಚಿತವಾಗುವ ಹೊತ್ತಿಗೆ ನಿಮ್ಮ ಕೈಯಲ್ಲಿ ಸಮಯ ಉಳಿದಿರುವುದಿಲ್ಲ.

ನಿಮ್ಮ ಕರಾವಳಿಯಲ್ಲಂತೂ ಈ ತೊಂದರೆ ಜಾಸ್ತಿ. ಕೆರಿಬಿಯನ್ ಕಡೆಯಿಂದ ಇತ್ತ ಬರುವ ಚಂಡಮಾರುತ ಸಾಮಾನ್ಯವಾಗಿ ಮೆಕ್ಸಿಕೋ ಕೊಲ್ಲಿಗೆ ಬಂದು, ಉತ್ತರಕ್ಕೆ, ಆಮೇಲೆ ಈಶಾನ್ಯಕ್ಕೆ ತಿರುಗುತ್ತದೆ. ಫ್ಲಾರಿಡಾದ ಪಶ್ಚಿಮ ದಡವೂ ಹೆಚ್ಚುಕಮ್ಮಿ ಉತ್ತರ-ದಕ್ಷಿಣವಾಗಿಯೇ ಇದೆ. ಅಂದರೆ ಚಂಡಮಾರುತ ದಡಕ್ಕೆ ನೇರವಾಗಿ ಬಡಿಯುವುದಿಲ್ಲ, ಪಕ್ಕಪಕ್ಕದಲ್ಲೇ ಬರುತ್ತದೆ. ಗೋಡೆಯ ಪಕ್ಕದಲ್ಲೇ ಸೈಕಲ್ ಹೊಡೆಯುತ್ತಿದ್ದೀರಿ ಅಂದುಕೊಳ್ಳಿ. ಹ್ಯಾಂಡಲ್ ಒಂಚೂರು ತಿರುಗಿದರೂ ಗೋಡೆಗೆ ತಗಲುವ ಜಾಗ ಎಷ್ಟೋ ಹಿಂದೆ ಮುಂದೆ ಆಗುತ್ತದೆ, ಅಲ್ವಾ? ಇಲ್ಲೂ ಅಷ್ಟೇ. ದಿಕ್ಕಿನಲ್ಲಿ ಸಣ್ಣ ವ್ಯತ್ಯಾಸ, ದಡ ಮುಟ್ಟುವ ಜಾಗದಲ್ಲಿ ನೂರು ಮೈಲಿ ವ್ಯತ್ಯಾಸ.

ಇದು ಆಗಿಹೋಗಿರುವ ಮಾತೇ. 2004ರ ಆಗಸ್ಟ್ 13ರಂದು ಚಾರ್ಲಿ ಚಂಡಮಾರುತ ನಿಮ್ಮ ಪಕ್ಕದ ಟ್ಯಾಂಪಾ ಕಡೆಗೆ ಬರುತ್ತದೆ ಅಂತ ಎಲ್ಲರ ಲೆಕ್ಕ. ಕೊನೆಯ ಗಂಟೆಗಳಲ್ಲಿ ಬೇಗ ಬಲಕ್ಕೆ ತಿರುಗಿ, ಬಲವನ್ನೂ ಏರಿಸಿಕೊಂಡು, ದಕ್ಷಿಣದ ಪುಂಟಾ ಗೋರ್ಡಾಕ್ಕೆ ನುಗ್ಗಿತು. 2022ರಲ್ಲಿ ಇಯಾನ್ ಮತ್ತೆ ಹಾಗೇ ಮಾಡಿತು. ಮುಂಚಿನ ದಿನಗಳಲ್ಲಿ ನಿಮ್ಮ ಊರಿಗೆ ತಗಲಿಕೊಂಡಿರುವ ಟ್ಯಾಂಪಾ ಬೇ, ಅದಕ್ಕೂ ಉತ್ತರಕ್ಕೆ ಅಂತಿದ್ದ ಗೆರೆ ದಕ್ಷಿಣಕ್ಕೆ ಸರಿಯುತ್ತಾ ಹೋಯಿತು. ಸೆಪ್ಟೆಂಬರ್ 28ರ ಮಧ್ಯಾಹ್ನ ಅದು ದಡ ಮುಟ್ಟಿದ್ದು ಕಾಯೋ ಕೋಸ್ಟಾ ದ್ವೀಪದಲ್ಲಿ. ಚಾರ್ಲಿ ಮೊದಲು ಮುಟ್ಟಿದ್ದ ದ್ವೀಪವೂ ಅದೇ. ಅಲ್ಲಿನ ಲೀ ಕೌಂಟಿಯವರು, ಅಂದರೆ ಜಿಲ್ಲಾಡಳಿತದವರು, ಮನೆ ಬಿಡುವ ಆದೇಶ ಕೊಟ್ಟಿದ್ದು ಹಿಂದಿನ ದಿನ ಬೆಳಿಗ್ಗೆ. ಫೋರ್ಟ್ ಮೈಯರ್ಸ್ ಬೀಚ್‌ನಲ್ಲಿ ಸಮುದ್ರದ ನೀರು ನೆಲದಿಂದ 10 ಅಡಿಗೂ ಮೇಲೆ ಬಂತು. ವಿಚಿತ್ರ ಅಂದರೆ, ಈ ಊರು ಹೆಚ್ಚುಕಮ್ಮಿ ಅಷ್ಟೂ ಹೊತ್ತು ಮ್ಯಾಪಿನ ಕೋನ್‌ನ ಅಂಚಿನೊಳಗೇ ಇತ್ತು. ಕೋನ್ ಅಂದರೆ ಚಂಡಮಾರುತದ ನಡುಭಾಗ ಎಲ್ಲೆಲ್ಲಿ ಹಾದುಹೋಗಬಹುದು ಅಂತ ತೋರಿಸುವ, ಮುಂದೆ ಮುಂದೆ ಅಗಲವಾಗುವ ಪಟ್ಟೆ. ಜನ ನೋಡಿದ್ದು ಮಾತ್ರ ನಡುವಿನ ಗೆರೆಯನ್ನು.

ಆ ಕೋನ್ ಬಗ್ಗೆ ಎರಡು ಮಾತು. ಮಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರ್‌ನವರು ಅದನ್ನು ಬರೆಯುವುದು ತಮ್ಮ ಹಿಂದಿನ ಐದು ವರ್ಷಗಳ ಮುನ್ಸೂಚನೆ ಎಷ್ಟೆಷ್ಟು ತಪ್ಪಿತ್ತು ಅನ್ನುವ ಲೆಕ್ಕ ಹಿಡಿದು. ಚಂಡಮಾರುತದ ಕಣ್ಣು, ಅಂದರೆ ನಟ್ಟನಡುವಿನ ಭಾಗ, ಮೂರರಲ್ಲಿ ಎರಡು ಸಲ ಆ ಕೋನ್ ಒಳಗೆ ಇರುತ್ತದೆ, ಒಂದು ಸಲ ಹೊರಗೆ ಹೋಗುತ್ತದೆ. ಐದು ದಿನ ಮುಂಚಿನ ಮುನ್ಸೂಚನೆ ಸರಾಸರಿ 200 ಮೈಲಿ ಹತ್ತಿರ ತಪ್ಪುತ್ತದೆ. ಹಾಗಾಗಿ ಗೆರೆ ಉತ್ತರಕ್ಕೆ ಸರಿಯಿತು ಅಂತ ಇವತ್ತು ಸಮಾಧಾನಪಡುವುದಕ್ಕೂ, ನಿನ್ನೆ ಮೇಲೇ ಬಂತು ಅಂತ ಹೆದರುವುದಕ್ಕೂ ಅರ್ಥವಿಲ್ಲ. ಇನ್ನೊಂದು, ಕೋನ್ ತೋರಿಸುವುದು ಕಣ್ಣಿನ ದಾರಿಯನ್ನು ಮಾತ್ರ. ಚಂಡಮಾರುತದ ಮೈ ಎಷ್ಟು ಅಗಲ, ನೀರು ಎಲ್ಲಿಯವರೆಗೆ ಬರುತ್ತದೆ, ಇದು ಯಾವುದೂ ಅದರಲ್ಲಿ ಇಲ್ಲ. ವಾಟ್ಸಾಪಿನಲ್ಲಿ ಓಡಾಡುವ ಬಣ್ಣಬಣ್ಣದ ನೂಡಲ್ಸ್ ತರಹದ ಗೆರೆಗಳನ್ನಂತೂ ನೋಡಲೇಬೇಡಿ. ಒಂದೊಂದು ಗೆರೆ ಒಂದೊಂದು ಕಂಪ್ಯೂಟರ್ ಲೆಕ್ಕ ಹೇಳುವ ದಾರಿ, ಅದರಲ್ಲಿ ಯಾವ ಗೆರೆಗೆ ಎಷ್ಟು ಬೆಲೆ ಕೊಡಬೇಕು ಅನ್ನುವುದು ಆ ಕೆಲಸದಲ್ಲಿ ಪಳಗಿದವರಿಗೆ ಮಾತ್ರ ಗೊತ್ತು.

ದಾರಿ ಗೊತ್ತಾದರೂ ನಿಮ್ಮ ಬೀದಿಗೆ ಏನಾಗುತ್ತದೆ ಅಂತ ಗೊತ್ತಾಗುವುದಿಲ್ಲ. ಇದಕ್ಕೆ ನಿಮ್ಮ ಊರೇ ಸಾಕ್ಷಿ. 2024ರ ಸೆಪ್ಟೆಂಬರ್ 26ರಂದು ಹೆಲೀನ್ ನಿಮ್ಮಿಂದ ನೂರು ಮೈಲಿಗೂ ದೂರದಲ್ಲಿ ಸಮುದ್ರದ ಮೇಲೇ ಹಾದು ಉತ್ತರದ ಬಿಗ್ ಬೆಂಡ್ ಕಡೆ ದಡ ಮುಟ್ಟಿತು. ಆದರೂ ಟ್ಯಾಂಪಾ ಬೇ ಸುತ್ತ ಸಮುದ್ರ 6 ಅಡಿಗೂ ಮೇಲೆ ಉಕ್ಕಿತು. ನಿಮ್ಮ ಪಿನೆಲ್ಲಾಸ್ ಕೌಂಟಿಯಲ್ಲಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅದಾಗಿ ಎರಡು ವಾರವೂ ಆಗಿರಲಿಲ್ಲ, ಅಕ್ಟೋಬರ್ 9ರಂದು ಮಿಲ್ಟನ್ ಬಂತು. ಇದು ದಡ ಮುಟ್ಟಿದ್ದು ನಿಮ್ಮಿಂದ ಬರೀ 35 ಮೈಲಿ ದಕ್ಷಿಣದ ಸಿಯೆಸ್ಟಾ ಕೀಯಲ್ಲಿ. ಆದರೆ ಟ್ಯಾಂಪಾ ಬೇಯ ನೀರು ಉಕ್ಕುವ ಬದಲು ಹಿಂದಕ್ಕೆ ಸರಿದು, ತಳದ ಕೆಸರು ಕಂಡಿತು.

ಯಾಕೆ ಹೀಗೆ? ಉತ್ತರ ಗೋಳದಲ್ಲಿ ಚಂಡಮಾರುತದ ಗಾಳಿ ಗಡಿಯಾರಕ್ಕೆ ವಿರುದ್ಧವಾಗಿ ಸುತ್ತುತ್ತದೆ. ಪಶ್ಚಿಮದ ಸಮುದ್ರದಿಂದ ಬಂದು ನಿಮ್ಮ ದಡ ಹತ್ತಿದರೆ, ಕಣ್ಣಿನ ದಕ್ಷಿಣಕ್ಕಿರುವ ಊರುಗಳಲ್ಲಿ ಗಾಳಿ ಸಮುದ್ರದಿಂದ ನೆಲಕ್ಕೆ ಬೀಸಿ ನೀರನ್ನು ಒಳಕ್ಕೆ ನೂಕುತ್ತದೆ. ಉತ್ತರಕ್ಕಿರುವ ಊರುಗಳಲ್ಲಿ ನೆಲದಿಂದ ಸಮುದ್ರಕ್ಕೆ ಬೀಸಿ ನೀರನ್ನು ಹೊರಕ್ಕೆ ತಳ್ಳುತ್ತದೆ. ನಿಮ್ಮ ಕಡೆಯ ಸಮುದ್ರ ದಡದಿಂದ ಬಹಳ ದೂರದವರೆಗೆ ಆಳ ಕಡಿಮೆ. ಹಾಗಾಗಿ ನೂಕಿದ ನೀರಿಗೆ ಕೆಳಗೆ ಹೋಗಲು ಜಾಗವಿಲ್ಲ, ಮೇಲಕ್ಕೇ ಏರುತ್ತದೆ. ಮಿಲ್ಟನ್ ಒಂದು ಮೂವತ್ತು ನಲವತ್ತು ಮೈಲಿ ಉತ್ತರಕ್ಕೆ ದಡ ಮುಟ್ಟಿದ್ದರೆ ನಿಮ್ಮ ಬೀದಿಯ ಕಥೆ ಪೂರ್ತಿ ಬೇರೆಯಾಗಿರುತ್ತಿತ್ತು. ಆ ಮೂವತ್ತು ನಲವತ್ತು ಮೈಲಿಯ ಲೆಕ್ಕವನ್ನು ಎರಡು ದಿನ ಮುಂಚೆ ಯಾರೂ ಖಚಿತವಾಗಿ ಹೇಳಲಾರರು. ಇವತ್ತು ಗೆರೆ ಉತ್ತರಕ್ಕೆ ಸರಿದದ್ದನ್ನು ನಿಮ್ಮ ಯಜಮಾನರು ಒಳ್ಳೆಯ ಸುದ್ದಿ ಅಂದುಕೊಂಡಿರಬಹುದು. ನೀರಿನ ಮಟ್ಟಿಗೆ ಅದು ಕೆಟ್ಟ ಸುದ್ದಿಯೂ ಆಗಬಹುದು.

ಹಾಗಾದರೆ ಏನನ್ನು ನೋಡಿ ನಿರ್ಧರಿಸುವುದು? ನಾನು ಹೇಳುವುದು ಎರಡನ್ನು. ಒಂದು ನಿಮ್ಮ ಝೋನ್. ಗೆರೆ ಸರಿದ ಹಾಗೆ ಅದು ಬದಲಾಗುವುದಿಲ್ಲ. ಝೋನ್ ಅಂದರೆ ಸಮುದ್ರದ ನೀರು ಯಾವ ಮನೆಗೆ ಮೊದಲು ನುಗ್ಗುತ್ತದೆ ಅನ್ನುವ ಲೆಕ್ಕ, 'ಎ' ಅಂದರೆ ಎಲ್ಲರಿಗಿಂತ ಮೊದಲು. ಇನ್ಶೂರೆನ್ಸಿನವರು ಹೇಳುವ ಫ್ಲಡ್ ಝೋನ್ ಬೇರೆ, ಇದು ಬೇರೆ, ಎರಡನ್ನೂ ಕಲಸಬೇಡಿ. ಇನ್ನೊಂದು, ಗಾಳಿ ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವುದು.

ಹರಿಕೇನ್ ಸೆಂಟರ್‌ನ ವೆಬ್‌ಸೈಟಿನಲ್ಲಿ ಕೋನ್ ಪಕ್ಕದಲ್ಲೇ ಇನ್ನೊಂದು ಮ್ಯಾಪ್ ಇರುತ್ತದೆ. ಟ್ರಾಪಿಕಲ್ ಸ್ಟಾರ್ಮ್ ಮಟ್ಟದ ಗಾಳಿ, ಅಂದರೆ ಗಂಟೆಗೆ 39 ಮೈಲಿ ವೇಗದ್ದು, ಎಲ್ಲಿಗೆ ಯಾವಾಗ ಬರಬಹುದು ಅಂತ ಅದರಲ್ಲಿ ಬರೆದಿರುತ್ತಾರೆ. ಜನ ಅದನ್ನು ತೆರೆದು ನೋಡುವುದೇ ಇಲ್ಲ, ನನಗಂತೂ ಎಲ್ಲಕ್ಕಿಂತ ಉಪಯೋಗದ ಮ್ಯಾಪ್ ಅದೇ. ಅದರಲ್ಲಿ ಎರಡು ಬಗೆ ಇದೆ. 'ಹೆಚ್ಚು ಸಂಭವದ ಹೊತ್ತು' ಒಂದು, 'ಎಷ್ಟು ಬೇಗ ಬರಬಹುದು' ಅನ್ನುವುದು ಇನ್ನೊಂದು. ನೀವು ಎರಡನೆಯದನ್ನು ಹಿಡಿಯಿರಿ. ಆ ಹೊತ್ತಿನಿಂದಾಚೆ ಹೊರಗಿನ ಕೆಲಸ ಮುಗಿಯಿತು ಅಂತಲೇ ಅರ್ಥ. ಗಾಳಿ 40 ಮೈಲಿ ಮೀರಿದರೆ ಟ್ಯಾಂಪಾ ಬೇ ದಾಟುವ ಸನ್‌ಶೈನ್ ಸ್ಕೈವೇ ಸೇತುವೆ ಮುಚ್ಚುತ್ತಾರೆ. ಏಣಿ ಹತ್ತಿ ಕಿಟಕಿಗೆ ಹಲಗೆ ಹೊಡೆಯಲು ಆಗುವುದಿಲ್ಲ. ಆಂಬುಲೆನ್ಸ್ ಕೂಡ ಬರುವುದಿಲ್ಲ.

ಈಗ ಅಲ್ಲಿಂದ ಹಿಂದಕ್ಕೆ ಎಣಿಸಿ. ಬುಧವಾರ ರಾತ್ರಿ 8ಕ್ಕೆ ಗಾಳಿ ಬರಬಹುದು ಅಂತಿದ್ದರೆ, ನೀವು ಬುಧವಾರ ಬೆಳಕು ಹರಿಯುವ ಮುಂಚೆ ಬೇರೆ ಕಡೆ ಇರಬೇಕು. ಅಂದರೆ ಮಂಗಳವಾರ ಮಧ್ಯಾಹ್ನ ಹೊರಡಬೇಕು. ಅಂದರೆ ಕಿಟಕಿ, ಸಾಮಾನು, ಬ್ಯಾಗ್ ಎಲ್ಲ ಸೋಮವಾರ ಸಂಜೆಗೆ ಮುಗಿದಿರಬೇಕು. ಪೆಟ್ರೋಲ್, ಮಾತ್ರೆ, ಕ್ಯಾಶ್ ಇವತ್ತೇ. ಅಧಿಕೃತ ಮಾಹಿತಿ ದಿನಕ್ಕೆ ನಾಲ್ಕು ಸಲ ಬರುತ್ತದೆ: ಬೆಳಿಗ್ಗೆ 5, 11, ಸಂಜೆ 5, ರಾತ್ರಿ 11. ದಡ ಹತ್ತಿರವಾದಾಗ ನಡುನಡುವೆಯೂ ಕೊಡುತ್ತಾರೆ. ಹೊಸದು ಬಂದಾಗ ಈ ಒಂದು ಹೊತ್ತನ್ನು ಮಾತ್ರ ತಿದ್ದಿಕೊಳ್ಳಿ. ನಡುವಿನ ಗಂಟೆಗಳಲ್ಲಿ ಟಿವಿ ಆರಿಸಿದರೆ ಏನೂ ತಪ್ಪಿಹೋಗುವುದಿಲ್ಲ, ಮಕ್ಕಳಿಗೂ ಒಳ್ಳೆಯದು. ಹರಿಕೇನ್ ವಾಚ್ ಅಂದರೆ ಬರಬಹುದು ಅಂತ, ಗಾಳಿಗೆ 48 ಗಂಟೆ ಮುಂಚೆ ಕೊಡುವುದು. ವಾರ್ನಿಂಗ್ ಅಂದರೆ ಬರುತ್ತದೆ ಅಂತಲೇ, 36 ಗಂಟೆ ಮುಂಚೆ. ಸ್ಟಾರ್ಮ್ ಸರ್ಜ್‌ಗೆ, ಅಂದರೆ ಸಮುದ್ರ ಉಕ್ಕಿ ಬರುವುದಕ್ಕೆ, ಬೇರೆಯೇ ವಾಚ್, ವಾರ್ನಿಂಗ್ ಇವೆ. ಝೋನ್ ಎ ಮನೆಯವರು ಗಮನವಿಡಬೇಕಾದ್ದು ಅದರ ಮೇಲೆ. ಕೆಟಗರಿ ನಂಬರ್ ಗಾಳಿಯ ಅಳತೆ ಮಾತ್ರ, ನೀರಿನದ್ದಲ್ಲ. "ಬರೀ ಕೆಟಗರಿ 1 ಅಂತೆ" ಅಂತ ಕೂತವರ ಮನೆಗೂ ನೀರು ನುಗ್ಗಿದೆ. ಕೌಂಟಿಯವರು ಆದೇಶ ಕೊಟ್ಟರೆ ನಿಮ್ಮ ಲೆಕ್ಕ ಏನೇ ಇರಲಿ, ಹೊರಡಿ.

ಎಲ್ಲಿಗೆ? ನಿಮ್ಮಿಬ್ಬರ ಜಗಳ ಬಗೆಹರಿಯುವುದು ಇಲ್ಲೇ ಅನಿಸುತ್ತದೆ. ನೂರಾರು ಮೈಲಿ ಹೋಗುವುದಾದರೆ ದಾರಿ ಖಚಿತವಾಗಬೇಕು ಅನ್ನಿಸುವುದು ಸಹಜ. ಹತ್ತು ಮೈಲಿ ಹೋಗುವುದಾದರೆ? ಚಂಡಮಾರುತ ಬಾರದಿದ್ದರೂ ಒಂದು ರಾತ್ರಿ ಗೆಳೆಯರ ಮನೆಯಲ್ಲಿ ಉಂಡು ಮಲಗಿ ಬಂದಹಾಗೆ ಆಯಿತು, ಅಷ್ಟೇ. ಓಡಬೇಕಾದ್ದು ನೀರಿನಿಂದ. ಗಾಳಿಯಿಂದ ಗಟ್ಟಿ ಮನೆಯೊಳಗೆ ಅಡಗಿದರೆ ಸಾಕು. ಪಿನೆಲ್ಲಾಸ್‌ನ ನಡುಭಾಗ ಎತ್ತರದಲ್ಲಿದೆ. ಲಾರ್ಗೋ, ಕ್ಲಿಯರ್‌ವಾಟರ್‌ನ ಒಳಭಾಗಗಳಲ್ಲಿ ಯಾವ ಝೋನಿಗೂ ಸೇರದ ಬಡಾವಣೆಗಳಿವೆ. ಅಲ್ಲಿ ಗುರುತಿನವರು ಯಾರಿದ್ದಾರೆ ನೋಡಿ, ಇವತ್ತೇ ಫೋನ್ ಮಾಡಿ. ಅವರ ವಿಳಾಸವನ್ನು ಕೌಂಟಿಯ ಝೋನ್ ಮ್ಯಾಪಿನಲ್ಲಿ ಹಾಕಿ ನೋಡಿ. ಮೊಬೈಲ್ ಹೋಮ್ ಆಗಿದ್ದರೆ ಬೇಡ, ಅದು ಎಲ್ಲೇ ಇರಲಿ. 2002ರ ನಂತರ ಕಟ್ಟಿದ ಮನೆಯಾದರೆ ಒಳ್ಳೆಯದು. 1992ರ ಆಂಡ್ರ್ಯೂ ಚಂಡಮಾರುತದ ಪೆಟ್ಟು ತಿಂದಮೇಲೆ ಫ್ಲಾರಿಡಾದವರು ಇಡೀ ರಾಜ್ಯಕ್ಕೆ ತಂದ ಕಟ್ಟಡ ನಿಯಮ ಜಾರಿಯಾದದ್ದು ಆ ವರ್ಷ.

ದೂರ ಓಡುವುದರಲ್ಲಿ ಅಪಾಯವೂ ಇದೆ. 2005ರಲ್ಲಿ ರೀಟಾ ಚಂಡಮಾರುತ ಬರುತ್ತದೆ ಅಂತ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ಸುತ್ತಲಿನ 25 ಲಕ್ಷಕ್ಕೂ ಜಾಸ್ತಿ ಜನ ಒಟ್ಟಿಗೇ ರಸ್ತೆಗಿಳಿದರು. ಬಿಸಿಲಿನಲ್ಲಿ, ಪೆಟ್ರೋಲ್ ಮುಗಿದ ಗಾಡಿಗಳಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಂಡರು. ಚಂಡಮಾರುತಕ್ಕಿಂತ ಆ ಪ್ರಯಾಣದಲ್ಲೇ ಜಾಸ್ತಿ ಜನ ಸತ್ತರು. ರೀಟಾ ಕೊನೆಗೆ ಪೂರ್ವಕ್ಕೆ ತಿರುಗಿತು. 2017ರ ಇರ್ಮಾದಲ್ಲಿ ಮಯಾಮಿ ಬಿಟ್ಟು ಟ್ಯಾಂಪಾ ಕಡೆಗೆ ಓಡಿಬಂದವರ ಹಿಂದೆಯೇ ಗೆರೆಯೂ ಪಶ್ಚಿಮಕ್ಕೆ ಸರಿದು ಬಂತು. 74ರ ಅತ್ತೆಯವರನ್ನು ಹದಿನೈದು ಗಂಟೆ ಕಾರಿನಲ್ಲಿ ಕೂರಿಸುವುದಕ್ಕಿಂತ ಲಾರ್ಗೋದ ಗೆಳೆಯರ ಮನೆಯ ಸೋಫಾ ಎಷ್ಟೋ ವಾಸಿ. ಯಾರೂ ಸಿಗದಿದ್ದರೆ ಕೌಂಟಿಯ ಶೆಲ್ಟರ್ ಇದ್ದೇ ಇದೆ. ಬಹುಪಾಲು ಶಾಲೆಯ ಕಟ್ಟಡ, ನೆಲದ ಮೇಲೆ ಮಲಗಬೇಕು, ಸುಖವೇನಿಲ್ಲ. ಹಿರಿಯರಿಗೆ ಆರೋಗ್ಯದ ಸಹಾಯ ಬೇಕಾದರೆ ಸ್ಪೆಷಲ್ ನೀಡ್ಸ್ ಶೆಲ್ಟರ್ ಬೇರೆ ಇರುತ್ತದೆ, ಅದಕ್ಕೆ ಮೊದಲೇ ಹೆಸರು ಬರೆಸಬೇಕು.

ಅತ್ತೆಯವರ ವಿಷಯಕ್ಕೆ ಬಂದೆ, ಮಾತ್ರೆ ಎಣಿಸಿ. ಇವತ್ತು, ಕೂತು, ಒಂದೊಂದೇ ಪಟ್ಟಿ ನೋಡಿ ಎಣಿಸಿ. ಊರಿನ ಡಾಕ್ಟರ ಚೀಟಿಗೆ ಇಲ್ಲಿನ ಫಾರ್ಮಸಿಯಲ್ಲಿ ಮಾತ್ರೆ ಕೊಡುವುದಿಲ್ಲ. ಎರಡು ವಾರಕ್ಕೆ ಸಾಲದಿದ್ದರೆ ಇವತ್ತೇ ಅರ್ಜೆಂಟ್ ಕೇರ್ ಅಥವಾ ವಿಡಿಯೋದಲ್ಲಿ ಡಾಕ್ಟರನ್ನು ನೋಡಿ ಇಲ್ಲಿನ ಚೀಟಿ ಬರೆಸಿ. ಮಾತ್ರೆಯ ಹೆಸರು ಇಲ್ಲಿ ಬೇರೆ ಇರಬಹುದು, ಒಳಗಿರುವ ಔಷಧದ ಹೆಸರು, ಎಷ್ಟು ಮಿಲಿಗ್ರಾಂ ಅನ್ನುವುದನ್ನು ಓದಿ ಹೇಳಿ. ಇನ್ಸುಲಿನ್ ಇದ್ದರೆ ಕರೆಂಟ್ ಹೋದಮೇಲೆ ತಂಪಾಗಿಡುವ ಬ್ಯಾಗ್ ಬೇಕು. ಐಸಿಗೆ ನೇರ ತಗಲಿಸಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಅವರ ಪಾಸ್‌ಪೋರ್ಟ್, ವಾಪಸ್ ಟಿಕೆಟ್, ವಿಸಿಟರ್ ಇನ್ಶೂರೆನ್ಸ್ ಕಾಗದ, ನಿಮ್ಮ ಮನೆಯ ಕಾಗದಪತ್ರ, ಎಲ್ಲ ಒಂದು ಜಿಪ್ ಕವರಿಗೆ ಹಾಕಿ ನಿಮ್ಮ ಕೈಚೀಲದಲ್ಲೇ ಇಟ್ಟುಕೊಳ್ಳಿ, ಡಿಕ್ಕಿಯಲ್ಲಲ್ಲ.

ನೀರು ತಲೆಗೆ ದಿನಕ್ಕೆ ಒಂದು ಗ್ಯಾಲನ್, ಒಂದು ವಾರಕ್ಕೆ ಆಗುವಷ್ಟು. ಜಾಸ್ತಿ ಅನ್ನಿಸಬಹುದು. ಮಿಲ್ಟನ್ ಹೊತ್ತಿಗೆ ಪೈಪ್ ಒಡೆದು ನಿಮ್ಮ ಊರಿನಲ್ಲೇ ನಲ್ಲಿ ನೀರು ನಿಲ್ಲಿಸಿದ್ದರು. ಅಂಗಡಿಯಲ್ಲಿ ಬಾಟಲಿ ಖಾಲಿಯಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಮನೆಯ ಪಾತ್ರೆ, ಡಬ್ಬ ತೊಳೆದು ನಲ್ಲಿಯಲ್ಲೇ ತುಂಬಿಸಿ. ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ನಿಮಗೇ ಗೊತ್ತು, ಬೇಯಿಸದೆ ತಿನ್ನುವಂಥದ್ದು ಇರಲಿ. ಫ್ರಿಜ್ ಬಾಗಿಲು ತೆಗೆಯದಿದ್ದರೆ ಒಳಗಿನದು ನಾಲ್ಕು ಗಂಟೆ ಕೆಡುವುದಿಲ್ಲ. ತುಂಬಿದ ಫ್ರೀಜರ್ 48 ಗಂಟೆ ತಾಳುತ್ತದೆ. ಹೊರಡುವ ಮುಂಚೆ ಒಂದು ಲೋಟ ನೀರು ಫ್ರೀಜರಿನಲ್ಲಿ ಗಟ್ಟಿಯಾಗಿಸಿ ಮೇಲೊಂದು ನಾಣ್ಯ ಇಟ್ಟು ಹೋಗಿ. ವಾಪಸ್ ಬಂದಾಗ ನಾಣ್ಯ ತಳ ಸೇರಿದ್ದರೆ, ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಆ ಪದಾರ್ಥ ಎಸೆಯಿರಿ.

ಮನೆಯ ಕಿಟಕಿಗಳಿಗೆ ಶಟರ್ ಇಲ್ಲದಿದ್ದರೆ 5/8 ಇಂಚಿನ ಪ್ಲೈವುಡ್ ಹೊಡೆಯಿರಿ. ಕಿಟಕಿ ಗಾಜಿಗೆ ಟೇಪ್ ಅಂಟಿಸುವುದು ಸುಮ್ನೆ ಸಮಾಧಾನಕ್ಕೆ, ಗಾಜು ಒಡೆಯುವುದು ಅದರಿಂದ ನಿಲ್ಲುವುದಿಲ್ಲ. ಒಂಚೂರು ಕಿಟಕಿ ತೆರೆದಿಟ್ಟರೆ ಒತ್ತಡ ಹೋಗುತ್ತದೆ ಅನ್ನುವುದೂ ಸುಳ್ಳು, ಎಲ್ಲ ಮುಚ್ಚಿ. ಮನೆಯಲ್ಲಿ ಎಲ್ಲಕ್ಕಿಂತ ದುರ್ಬಲವಾದದ್ದು ಗ್ಯಾರೇಜ್ ಬಾಗಿಲು. ಅದು ಒಳಕ್ಕೆ ಬಗ್ಗಿದರೆ ಗಾಳಿ ನುಗ್ಗಿ ಚಾವಣಿಯನ್ನು ಕೆಳಗಿನಿಂದ ಎತ್ತುತ್ತದೆ. ಮರಳಿನ ಚೀಲ ಮಳೆನೀರಿಗೆ ಸರಿ. ನಾಲ್ಕು ಅಡಿ ಸಮುದ್ರ ಬಂದರೆ ಅದರಿಂದ ಏನೂ ಆಗದು, ಅದಕ್ಕಾಗಿ ಎರಡು ಗಂಟೆ ಕ್ಯೂ ನಿಲ್ಲಬೇಡಿ. ಆ ಎರಡು ಗಂಟೆಯಲ್ಲಿ ಆಲ್ಬಂ, ಲ್ಯಾಪ್‌ಟಾಪ್, ಬೆಲೆಬಾಳುವುದನ್ನೆಲ್ಲ ಕಪಾಟಿನ ಮೇಲಿನ ತಟ್ಟೆಗೆ ಏರಿಸಿ. ಎಲೆಕ್ಟ್ರಿಕ್ ಕಾರು ಇದ್ದರೆ ಗ್ಯಾರೇಜಿನಲ್ಲಿ ಬಿಟ್ಟುಹೋಗಬೇಡಿ. ಉಪ್ಪುನೀರು ಬ್ಯಾಟರಿಗೆ ಹೊಕ್ಕರೆ ದಿನಗಳಾದ ಮೇಲೂ ಬೆಂಕಿ ಹತ್ತುತ್ತದೆ, ಇಯಾನ್ ಆದಮೇಲೆ ಹಾಗೆ ಆಗಿದೆ.

ಇನ್ಶೂರೆನ್ಸ್ ಈಗ ಮಾಡಿಸಲು ಆಗುವುದಿಲ್ಲ. ಸರ್ಕಾರದ ಫ್ಲಡ್ ಪಾಲಿಸಿ ಸಾಮಾನ್ಯವಾಗಿ 30 ದಿನ ಕಳೆದ ಮೇಲೆಯೇ ಜಾರಿಯಾಗುವುದು. ಸಾಮಾನ್ಯ ಮನೆ ಪಾಲಿಸಿ ಹೊರಗಿಂದ ನುಗ್ಗಿದ ನೀರಿಗೆ ಕೊಡುವುದಿಲ್ಲ. ಇದ್ದದ್ದನ್ನು ಗಟ್ಟಿ ಮಾಡಿಕೊಳ್ಳಿ: ಮೊಬೈಲ್ ಹಿಡಿದು ಒಂದೊಂದು ರೂಮಿಗೂ ಹೋಗಿ, ಕಪಾಟು ತೆರೆದು, ಫ್ರಿಜ್, ಎಸಿಯ ನಂಬರ್ ಕಾಣುವ ಹಾಗೆ ವಿಡಿಯೋ ಮಾಡಿ. ಮುಗಿದ ತಕ್ಷಣ ಊರಲ್ಲಿರುವ ಯಾರಿಗಾದರೂ ಕಳಿಸಿಬಿಡಿ.

ಗೆಳೆಯರ ಮನೆಯಲ್ಲಿ ಜನರೇಟರ್ ಇದ್ದರೆ ಅದು ಮನೆಯಿಂದ 20 ಅಡಿ ಆಚೆ, ಹೊಗೆ ಕಿಟಕಿಗೆ ವಿರುದ್ಧ ದಿಕ್ಕಿಗೆ ಇರಲಿ. ಗ್ಯಾರೇಜ್ ಬಾಗಿಲು ತೆರೆದಿದ್ದರೂ ಒಳಗೆ ಓಡಿಸಬಾರದು. ಅದರ ವಿಷಗಾಳಿಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಕಣ್ಣು ಮೇಲೆ ಹಾದುಹೋದರೆ ಸ್ವಲ್ಪ ಹೊತ್ತು ಗಾಳಿ ನಿಂತು ಆಕಾಶ ತಿಳಿಯಾಗಬಹುದು. ಹೊರಗೆ ಹೋಗಬೇಡಿ, ಗಾಳಿ ಎದುರು ದಿಕ್ಕಿನಿಂದ ಮತ್ತೆ ಬರುತ್ತದೆ.

ವಾಪಸ್ ಬರುವುದು ಕೌಂಟಿಯವರು ಹೇಳಿದ ಮೇಲೆ. ದಾರಿಯಲ್ಲಿ ನೀರು ಹರಿಯುತ್ತಿದ್ದರೆ ಕಾರು ಇಳಿಸಬೇಡಿ, ಒಂದು ಅಡಿ ಹರಿಯುವ ನೀರು ಸಣ್ಣ ಕಾರನ್ನು ಎತ್ತಿಕೊಂಡು ಹೋಗುತ್ತದೆ. ಮನೆಯೊಳಗೆ ನೀರು ಬಂದಿದ್ದರೆ, ನೀರಿನಲ್ಲಿ ನಿಂತು ಮೇನ್ ಸ್ವಿಚ್ ಮುಟ್ಟಬೇಡಿ, ಎಲೆಕ್ಟ್ರಿಷಿಯನ್ ನೋಡಲಿ. ಗೋಡೆಯ ಮೇಲೆ ನೀರು ನಿಂತ ಗುರುತಿನ ಪಕ್ಕ ಅಳತೆ ಪಟ್ಟಿ ಹಿಡಿದು ಫೋಟೋ ತೆಗೆಯಿರಿ. ಆಮೇಲೆ ಒದ್ದೆ ಕಾರ್ಪೆಟ್ ಬೇಗ ಕಿತ್ತು ಹೊರಗೆ ಹಾಕಿ, ಇಲ್ಲದಿದ್ದರೆ ಒಂದೆರಡು ದಿನದಲ್ಲೇ ಬೂಸ್ಟು ಹಿಡಿಯುತ್ತದೆ. ಅದರ ಒಂದು ತುಂಡು ಮಾತ್ರ ಕತ್ತರಿಸಿ ಇಟ್ಟುಕೊಂಡಿರಿ, ಇನ್ಶೂರೆನ್ಸಿನವರು ಬಂದು ಕೇಳುತ್ತಾರೆ.